ಕಾಗದದ ಮೇಲಿನ ಮಗುವಿನ ಮಾತು

ಮೇಲ್ಮನವಿ ಆಲಿಸುವ ನ್ಯಾಯಮೂರ್ತಿಗಳು ಸಾಮಾನ್ಯವಾಗಿ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಮುಖ ನೋಡಿರುವುದಿಲ್ಲ. ಅವರ ಮುಂದಿರುವುದು ಕೆಳ ನ್ಯಾಯಾಲಯ ಬರೆದುಕೊಂಡ ಸಾಕ್ಷ್ಯದ ಹಾಳೆಗಳು. ಆ ಹಾಳೆಗಳನ್ನು ಹೇಗೆ ಓದಬೇಕೆಂದು ಕಲಿಯಲು ನಮ್ಮ ನ್ಯಾಯಾಂಗಕ್ಕೆ ದಶಕಗಳೇ ಬೇಕಾದವು.

ಆರಂಭ ಭರವಸೆಯದೇ ಆಗಿತ್ತು. ರಾಜಸ್ಥಾನದ ಎಂಟು ವರ್ಷದ ಬಾಲಕಿಯ ಪ್ರಕರಣದಲ್ಲಿ, ಆಕೆಯ ಮಾತಿಗೆ ಬೇರೆ ಪುರಾವೆಯ ಬೆಂಬಲವಿಲ್ಲವೆಂದು ಸೆಷನ್ಸ್ ನ್ಯಾಯಾಧೀಶರು ಮೇಲ್ಮನವಿಯಲ್ಲಿ ಅಪರಾಧಿಯನ್ನು ಬಿಟ್ಟಿದ್ದರು. ಹೈಕೋರ್ಟ್ ಶಿಕ್ಷೆಯನ್ನು ಮರಳಿಸಿತು. 1951ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೆಂಬಲದ ಪುರಾವೆ ಕೇಳುವುದು ವಿವೇಕದ ಎಚ್ಚರಿಕೆಯೇ ಹೊರತು ಕಾನೂನಿನ ಕಡ್ಡಾಯವಲ್ಲ ಎಂದರು ನ್ಯಾಯಮೂರ್ತಿ ವಿವಿಯನ್ ಬೋಸ್.

ಆದರೂ 1978ರಲ್ಲಿ, ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಬಾಲಕಿಯ ಮೇಲೆ ದೌರ್ಜನ್ಯವೆಸಗಿದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲವೆಂಬುದನ್ನು ಒಪ್ಪಿಗೆಯ ಗುರುತಾಗಿ ಓದಿ ಅದೇ ನ್ಯಾಯಾಲಯ ಪೊಲೀಸರನ್ನು ಖುಲಾಸೆಗೊಳಿಸಿತು. ಮರುವರ್ಷ ಆ ತೀರ್ಪನ್ನು ಟೀಕಿಸಿ ನಾಲ್ವರು ಕಾನೂನು ಪ್ರಾಧ್ಯಾಪಕರು ಬರೆದ ಬಹಿರಂಗ ಪತ್ರ ದೇಶವನ್ನು ಕಲಕಿತು; 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. 1996ರ ಗುರ್ಮಿತ್ ಸಿಂಗ್ ತೀರ್ಪು ಸಂತ್ರಸ್ತೆಯನ್ನು ಅನುಮಾನದಿಂದ ನೋಡುವ ರೂಢಿಯನ್ನು ಖಂಡಿಸಿತು. 2004ರಲ್ಲಿ ‘ಸಾಕ್ಷಿ’ ಸಂಸ್ಥೆಯ ಪ್ರಕರಣದ ತೀರ್ಪು ಆರೋಪಿಗೂ ಮಗುವಿಗೂ ನಡುವೆ ಪರದೆ ಬೇಕೆಂದಿತು. ಹೆದರದೆ ಆಡಿದ ಮಾತು ಮಾತ್ರವೇ ಹಾಳೆಯ ಮೇಲೆ ಸರಿಯಾಗಿ ಇಳಿಯಬಲ್ಲದು.

2012ರ ನವೆಂಬರ್ 14ರಂದು, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದಮೇಲೆ ಮೇಲ್ಮನವಿಯ ವಾದಗಳೂ ಬದಲಾದವು. ಹದಿನೆಂಟರೊಳಗಿನವರಿಗೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲವಾದ್ದರಿಂದ ವಯಸ್ಸಿನ ದಾಖಲೆಯೇ ಜಗಳದ ಕೇಂದ್ರವಾಯಿತು. ಆರೋಪಿ ತಪ್ಪೆಸಗಿದ್ದಾನೆಂದು 29ನೇ ಸೆಕ್ಷನ್ ಭಾವಿಸುತ್ತದೆ ನಿಜ. ಆದರೆ ಘಟನೆಯ ಮೂಲ ಸಂಗತಿಗಳನ್ನು ಪ್ರಾಸಿಕ್ಯೂಷನ್ ಮೊದಲು ಸಾಬೀತುಪಡಿಸಲೇಬೇಕೆಂದು ಹೈಕೋರ್ಟುಗಳು ಹೇಳುತ್ತ ಬಂದಿವೆ. ಅದು ನಿರಪರಾಧಿಗೆ ರಕ್ಷಣೆ. ಮಗುವಿನ ವಿರುದ್ಧದ ನಿಲುವಲ್ಲ.

ಬಟ್ಟೆಯ ಮೇಲಿಂದ ಮುಟ್ಟಿದರೆ ಅದು ಪೋಕ್ಸೊ ಅಡಿಯ ಲೈಂಗಿಕ ಹಲ್ಲೆಯಲ್ಲವೆಂದ ಬಾಂಬೆ ಹೈಕೋರ್ಟ್ ತೀರ್ಪನ್ನು 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು: ನೋಡಬೇಕಾದದ್ದು ಲೈಂಗಿಕ ಉದ್ದೇಶವನ್ನು, ಚರ್ಮದ ಸ್ಪರ್ಶವನ್ನಲ್ಲ. ಬಾಲಕನೊಬ್ಬನ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್ 10 ವರ್ಷದ ಶಿಕ್ಷೆಯನ್ನು 7ಕ್ಕೆ ಇಳಿಸಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ 10ಕ್ಕೆ ಏರಿಸಿತು. ಕಾನೂನು ನಿಗದಿಪಡಿಸಿದ ಕನಿಷ್ಠ ಶಿಕ್ಷೆಗಿಂತ ಕೆಳಗಿಳಿಯುವಂತಿಲ್ಲ ಎಂಬುದು ಆ ತೀರ್ಪಿನ ಸಾರ.

ಮೇಲ್ಮನವಿಯ ಬಾಗಿಲು ಸಂತ್ರಸ್ತರಿಗೂ ತೆರೆದಿದೆ. ಆರೋಪಿ ಖುಲಾಸೆಯಾದರೆ ಅನುಮತಿ ಬೇಡದೆಯೇ ಅವರು ಮೇಲ್ಮನವಿ ಹೂಡಬಹುದೆಂದು 2018ರಲ್ಲಿ ಸ್ಪಷ್ಟಪಡಿಸಿದ್ದು ನಮ್ಮದೇ ನೆಲದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣ. ಅದು ಮಕ್ಕಳ ಪ್ರಕರಣವಲ್ಲ, ಆದರೆ ಫಲ ಮಕ್ಕಳಿಗೂ ಸಿಕ್ಕಿತು. ಶಿಕ್ಷೆ ಕಡಿಮೆಯಾಯಿತೆಂಬ ದೂರನ್ನು ಮಾತ್ರ ಸರ್ಕಾರವೇ ಒಯ್ಯಬೇಕು.

ಉಳಿದಿರುವುದು ಕಾಲದ ಪ್ರಶ್ನೆ. ಪೋಕ್ಸೊ ಕಾಯ್ದೆಯಲ್ಲಿ ವಿಚಾರಣೆಗೆ ಒಂದು ವರ್ಷದ ಗುರಿಯಿದೆ, ಮೇಲ್ಮನವಿಗೆ ಗಡುವಿಲ್ಲ. ಹಾಳೆಯ ಮೇಲಿನ ಮಗುವಿಗೆ ಎಂದಿಗೂ ಎಂಟೇ ವರ್ಷ. ಹೊರಗಿನ ಮಗು ಬೆಳೆಯುತ್ತಲೇ ಇರುತ್ತದೆ, ತೀರ್ಪಿಗೆ ಕಾಯುತ್ತ.