ಕೊಟ್ಟೂರಿಗೆ ಹಳಿ ಬಂದ ಕಾಲ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆಳುವವರು ಬದಲಾದರು, ಹೇರು ಬದಲಾಗಲಿಲ್ಲ. ಕೂಡ್ಲಿಗಿ, ಹೊಸಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜೋಳ, ಹತ್ತಿ, ಉಪ್ಪು ಎಲ್ಲವೂ ಎತ್ತಿನ ಬೆನ್ನ ಮೇಲೆ, ಇಲ್ಲವೇ ಬಂಡಿಯಲ್ಲಿ ಸಾಗುತ್ತಿದ್ದವು.

ಅದಾಗಲೇ ಇಂಗ್ಲೆಂಡಿನ ಡರ್ಬಿ ಪ್ರಾಂತ್ಯದಲ್ಲಿ ಬೇರೊಂದು ಏರ್ಪಾಡು ಶುರುವಾಗಿತ್ತು. 1795ರಲ್ಲಿ ಬೆಂಜಮಿನ್ ಔಟ್ರಮ್ ಡೆನ್ಬಿಯ ಕಲ್ಲಿದ್ದಲು ಗಣಿಗಳಿಂದ ಲಿಟಲ್ ಈಟನ್ನಿನ ಕಾಲುವೆಯವರೆಗೆ ಕಬ್ಬಿಣದ ಹಳಿ ಹಾಸಿಸಿದನು. ಗಾಲಿ ಜಾರದಂತೆ ಹಳಿಗೇ ಅಂಚು ಕಟ್ಟಿತ್ತು. ಕುದುರೆಗಳು ಎಳೆದು ತಂದ ಗಾಡಿಯಿಂದ ಕಲ್ಲಿದ್ದಲಿನ ಪೆಟ್ಟಿಗೆಯನ್ನು ಇಡಿಯಾಗಿ ಎತ್ತಿ ದೋಣಿಗೆ ಇಳಿಸುತ್ತಿದ್ದರು. ಸುರಿದು ಮತ್ತೆ ತುಂಬುವ ಗೋಜಿಲ್ಲ. ನಮ್ಮ ತುಂಗಭದ್ರೆಯೋ ಬಂಡೆಗಳ ನಡುವೆ ಹರಿಯುವವಳು. ಹರಿಗೋಲಿನಲ್ಲಿ ದಡ ದಾಟಿಸಿಯಾಳು, ಊರಿಂದೂರಿಗೆ ಸರಕು ಹೊರಲಾರಳು.

1876, ಧಾತು ಸಂವತ್ಸರ. ಮಳೆ ಕೈಕೊಟ್ಟಿತು. ಬಳ್ಳಾರಿಗೆ ಆ ವೇಳೆಗೆ ರೈಲು ಬಂದಿತ್ತು, ಮದರಾಸಿನ ಕಡೆಯಿಂದ ಧಾನ್ಯವೂ ಬಂತು. ಆದರೆ ನಿಲ್ದಾಣದಿಂದ ಪಡುವಣ ತಾಲ್ಲೂಕುಗಳಿಗೆ ಒಯ್ಯುವವರಾರು? ಮೇವು ನೀರಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಉಳಿದ ಜೋಡಿಗೆ ಬಂಡಿ ಹೂಡಿದರೆ ದಾರಿಯುದ್ದಕ್ಕೂ ಅದರ ಮೇವನ್ನೇ ಹೇರಬೇಕು. ಮೇವು ಹೇರಿದರೆ ಕಾಳಿಗೆ ಜಾಗವಿಲ್ಲ. ಮೂಟೆಗಳು ಒಂದು ಕಡೆ, ಹಸಿದವರು ಇನ್ನೊಂದು ಕಡೆ. ಬರದ ಕಥೆ ಹೇಳುವವರು ಮಳೆಯ ಲೆಕ್ಕವನ್ನೇ ಹಿಡಿದು ಕೂರುತ್ತಾರೆ. ಈ ಸೀಮೆಯ ಮಟ್ಟಿಗೆ ಎತ್ತಿನ ಲೆಕ್ಕವೂ ಅಷ್ಟೇ ಭಾರದ್ದು.

1880ರ ಕ್ಷಾಮ ಆಯೋಗವು ಬರ ತಡೆಯಲು ರೈಲುದಾರಿಗಳು ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು; ಆ ದಶಕದಲ್ಲೇ ಅದರ ಹಳಿ ಹೊಸಪೇಟೆ ಮುಟ್ಟಿತು. ಅಲ್ಲಿಂದ ಕೊಟ್ಟೂರಿಗೆ ಮೀಟರ್ ಗೇಜ್ ಕವಲು ತೆರೆದದ್ದು 1905ರಲ್ಲಿ, ಧಾತು ಬರ ಕಳೆದು ಕಾಲು ಶತಮಾನಕ್ಕೂ ಮೇಲೆ! ಡರ್ಬಿಯ ಕುದುರೆದಾರಿ ಮುಚ್ಚಿಹೋದದ್ದು ಇದಾಗಿ ಮೂರೇ ವರ್ಷಕ್ಕೆ, 1908ರಲ್ಲಿ.

ಹಳಿ ಬಂದರೂ ಎತ್ತಿಗೆ ಬಿಡುವು ಸಿಗಲಿಲ್ಲ. ಕೂಡ್ಲಿಗಿ, ಹೊಸಹಳ್ಳಿಗಳನ್ನು ರೈಲು ಮುಟ್ಟಲೇ ಇಲ್ಲ. ಅಲ್ಲಿನ ಮೂಟೆ ಬಂಡಿಯೇರಿಯೇ ನಿಲ್ದಾಣ ಸೇರಬೇಕಿತ್ತು. ಕೊಟ್ಟೂರು ಬಸವೇಶ್ವರನ ತೇರಿಗೆ ಹೊಸಪೇಟೆ ಕಡೆಯ ಭಕ್ತರು ರೈಲಿನಲ್ಲಿ ಬಂದಿಳಿಯಬಹುದಾಗಿತ್ತು, ಹರಪನಹಳ್ಳಿಯವರಿಗೆ ಆ ಭಾಗ್ಯವಿರಲಿಲ್ಲ. ಕೊಟ್ಟೂರಿನಲ್ಲಿ ನಿಂತ ಹಳಿ ಹರಪನಹಳ್ಳಿ ಹಾದು ಹರಿಹರ ಸೇರುವಷ್ಟರಲ್ಲಿ ನೂರು ವರ್ಷ ದಾಟಿತ್ತು.