ಸೀಸದ ಲೆಕ್ಕ

ಸೀಸದ ಕಡ್ಡಿ ಎಂದು ಹೆಸರಿದ್ದರೂ ಪೆನ್ಸಿಲಿನಲ್ಲಿ ಸೀಸವಿಲ್ಲ. ಇರುವುದು ಇಂಗಾಲದ ಒಂದು ರೂಪ. ನಿಜವಾದ ಸೀಸವಿದ್ದುದು ಅಚ್ಚುಕೂಟದಲ್ಲಿ. ಸೀಸ, ತವರ, ಆಂಟಿಮೊನಿಗಳನ್ನು ಬೆರೆಸಿ ಎರಕ ಹೊಯ್ದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿಯೇ ನಮ್ಮ ಪುಸ್ತಕ ಪತ್ರಿಕೆಗಳು ಬಹುಕಾಲ ಅಚ್ಚಾದುವು. ಮೊಳೆ ಜೋಡಿಸಿದ ಕೈಯನ್ನು ತೊಳೆಯದೆ ತುತ್ತೆತ್ತಿದರೆ ಅನ್ನದ ಜೊತೆಗೆ ಸೀಸವೂ ಒಳಗೆ ಹೋಗುತ್ತಿತ್ತು. ಸವೆದ ಮೊಳೆಗಳನ್ನು ಕರಗಿಸುವವನ ಪಾಲಿಗೆ ಹೊಗೆಯೇ ಸಾಕಾಗಿತ್ತು. ಕನ್ನಡ ಸಾಹಿತ್ಯದ ಚರಿತ್ರೆ ಬರೆದವರು ಈ ಕೈಗಳ ವಿಚಾರ ಹೆಚ್ಚು ಬರೆದಿಲ್ಲ.

ವೈದ್ಯರು ಮಾತ್ರ ಇಂಥ ಕೈಗಳನ್ನು ಬಹು ಹಿಂದೆಯೇ ನೋಡಿದ್ದರು. ಇಟಲಿಯ ಬರ್ನಾರ್ಡಿನೊ ರಾಮಜ್ಜೀನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ಮಡಕೆಗಳಿಗೆ ಸೀಸದ ಹೊಳಪು ಕೊಡುವ ಕುಂಬಾರರ ಕೈಗಳು ಮೊದಲು ನಡುಗಿ, ಬಳಿಕ ಸ್ವಾಧೀನ ತಪ್ಪುವುದನ್ನು ಅವನು ಅದರಲ್ಲಿ ವರ್ಣಿಸಿದ್ದಾನೆ. ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳಿಗೆ ಅವನು ಇನ್ನೊಂದನ್ನು ಸೇರಿಸಿದ: ನಿನ್ನ ಕಸುಬೇನು?

ಸೀಸದ ಮೋಸವೆಂದರೆ, ದೇಹ ಅದನ್ನು ಸುಣ್ಣದ ಅಂಶವೆಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಅಲ್ಲಿ ಅದು ಹತ್ತಾರು ವರ್ಷ ಉಳಿಯಬಲ್ಲುದು. ಗರ್ಭಿಣಿಯ ಮೂಳೆಯಿಂದ ಹೊರಟು ಶಿಶುವನ್ನೂ ಸೇರಬಲ್ಲುದು. ರಕ್ತಕ್ಕೆ ಕೆಂಪನ್ನು ಕೊಡುವ ದ್ರವ್ಯದ ತಯಾರಿಕೆಗೆ ಅಡ್ಡಿ ಮಾಡುತ್ತದೆ. ಹೊಟ್ಟೆನುಲಿತ, ಒಸಡಿನ ಮೇಲೆ ನೀಲಿಗೆರೆ, ಜೋತುಬಿದ್ದ ಮಣಿಕಟ್ಟು, ಇವೆಲ್ಲ ಹಳಬರು ಬಲ್ಲ ಲಕ್ಷಣಗಳು. ಇವು ಕಾಣದಿದ್ದರೆ ವಿಷವಿಲ್ಲ ಎಂಬ ನಂಬಿಕೆ ಬಹುಕಾಲ ನಡೆಯಿತು.

ಅಷ್ಟರಲ್ಲಿ ಸೀಸ ಕಾರ್ಖಾನೆಯ ಬಾಗಿಲು ದಾಟಿ ಬೀದಿಗೆ ಬಂದಿತ್ತು. ಎಂಜಿನ್ನಿನ ಬಡಿತವನ್ನು ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಬಹುದೆಂದು ಅಮೆರಿಕದ ಥಾಮಸ್ ಮಿಡ್ಜ್‌ಲಿ 1921ರಲ್ಲಿ ಕಂಡುಹಿಡಿದ. 1924ರಲ್ಲಿ ನ್ಯೂ ಜೆರ್ಸಿಯಲ್ಲಿ ಅದನ್ನು ತಯಾರಿಸುತ್ತಿದ್ದ ಕೆಲಸಗಾರರಲ್ಲಿ ಐವರು ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಆದರೂ ವ್ಯಾಪಾರ ನಿಲ್ಲಲಿಲ್ಲ. ಹರ್ಬರ್ಟ್ ನೀಡಲ್‌ಮನ್ 1979ರಲ್ಲಿ ಪ್ರಕಟಿಸಿದ ಸಂಶೋಧನೆ ಹಳೆಯ ನಂಬಿಕೆಯನ್ನು ಅಲುಗಿಸಿತು. ಅವನು ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಸಿ ಅವುಗಳಲ್ಲಿದ್ದ ಸೀಸವನ್ನು ಅಳೆದ. ಯಾವ ರೋಗಲಕ್ಷಣವೂ ಇಲ್ಲದ ಮಕ್ಕಳಲ್ಲಿಯೇ, ಹಲ್ಲಿನ ಸೀಸ ಹೆಚ್ಚಿದ್ದವರ ಬುದ್ಧಿಶಕ್ತಿಯೂ ಗಮನವೂ ಕಡಿಮೆಯಿದ್ದುವು.

ನಮ್ಮ ನಗರದಲ್ಲಿ ಈ ಲೆಕ್ಕ ತಡವಾಗಿ ಆರಂಭವಾಯಿತು. ರಾಜಾಜಿನಗರದ ಕೈಗಾರಿಕಾ ಬಡಾವಣೆ, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳು, ನಾಯಂಡಹಳ್ಳಿಯಿಂದ ಕೆಂಗೇರಿಯವರೆಗೆ ಮೈಸೂರು ರಸ್ತೆಯ ಲಾರಿ ಬಸ್ಸುಗಳು, ಇವುಗಳ ನಡುವೆಯೇ ಮಕ್ಕಳು ಶಾಲೆಗೆ ನಡೆದುಹೋಗುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ಅವರ ನೆರವಿನಿಂದ ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ ಹನ್ನೆರಡರೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ, ನೂರು ಮಿಲಿಲೀಟರ್ ರಕ್ತದಲ್ಲಿ 10 ಮೈಕ್ರೋಗ್ರಾಮಿಗಿಂತ ಅಧಿಕ ಸೀಸವಿತ್ತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಈ ವಿಷಯವಾಗಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. 2000ದಲ್ಲಿ ದೇಶಾದ್ಯಂತ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಬಳಿಕ ಮುಂಬಯಿಯಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಸೀಸದ ಪ್ರಮಾಣ ಇಳಿದಿರುವುದು ಕಂಡಿತು. ಆಲ್ಜೀರಿಯ ದೇಶ 2021ರಲ್ಲಿ ಅದನ್ನು ಬಿಟ್ಟ ಮೇಲೆ, ಮೋಟಾರು ವಾಹನಗಳಿಗೆ ಅಂಥ ಪೆಟ್ರೋಲು ಮಾರುವ ದೇಶವೇ ಉಳಿಯಲಿಲ್ಲ.

ಇಲ್ಲಿ 10 ಎಂಬ ಅಂಕಿಯ ಮೇಲೆ ತುಸು ನಿಲ್ಲಬೇಕು. ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಕಂಡರೆ ಎಚ್ಚರ ವಹಿಸಬೇಕೆಂದು ಅಮೆರಿಕದ ಆರೋಗ್ಯ ಇಲಾಖೆ ಹಾಕಿದ ಗೆರೆ 1960ರ ದಶಕದಲ್ಲಿ 60 ಆಗಿತ್ತು. 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಮಕ್ಕಳ ಮೈ ಬದಲಾಗಿರಲಿಲ್ಲ. ಅಳೆಯುವವರ ಕಣ್ಣು ಚುರುಕಾಗಿತ್ತು. 59 ಇದ್ದ ಮಗುವನ್ನು ಒಂದು ಕಾಲದಲ್ಲಿ ಧೈರ್ಯ ಹೇಳಿ ಮನೆಗೆ ಕಳುಹಿಸಬಹುದಿತ್ತೆಂದರೆ, ಆ ಧೈರ್ಯದ ಬೆಲೆಯನ್ನು ಈಗ ಯಾರು ಕಟ್ಟಬೇಕು?

ಪೆಟ್ರೋಲಿನಿಂದ ಹೊರಟ ಸೀಸ ಬ್ಯಾಟರಿಯಲ್ಲಿ ಉಳಿದಿದೆ. ಹಳೆಯ ಬ್ಯಾಟರಿ ಒಡೆದು, ಆಮ್ಲವನ್ನು ಚೆಲ್ಲಿ, ಫಲಕಗಳನ್ನು ಕರಗಿಸುವ ಕೆಲಸ ದೇಶದಲ್ಲಿ ಬಹುಮಟ್ಟಿಗೆ ಸಣ್ಣ ಅಂಗಡಿಗಳಲ್ಲಿ ನಡೆಯುತ್ತ ಬಂದಿದೆ. ನಮ್ಮಲ್ಲಿ ಕಾನೂನು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯ ಮೊದಲ ಹೆಸರೇ ಸೀಸದ ವಿಷ. ಆದರೆ ವಿದ್ಯುತ್ತು ಬಳಸುವಲ್ಲಿ ಹತ್ತು, ಬಳಸದಿರುವಲ್ಲಿ ಇಪ್ಪತ್ತು ಮಂದಿ ದುಡಿದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆಯೆನಿಸುತ್ತಿತ್ತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ತೆರೆದದ್ದೂ ಚೀಟಿ ಇದ್ದ ವಿಮಾದಾರರಿಗೆ. ಇಬ್ಬರು ಹುಡುಗರನ್ನಿಟ್ಟುಕೊಂಡು ಬ್ಯಾಟರಿ ದುರಸ್ತಿ ಮಾಡುವ ಅಂಗಡಿ ಈ ಎರಡು ಲೆಕ್ಕಕ್ಕೂ ಸಿಗಲಿಲ್ಲ. ಹೊಟ್ಟೆನೋವೆಂದು ಬಂದ ಆ ಹುಡುಗನಿಗೆ ಜಂತುಹುಳುವಿನ ಔಷಧ ದೊರೆಯುವುದು ಸುಲಭ. ರಾಮಜ್ಜೀನಿಯ ಪ್ರಶ್ನೆ ಎದುರಾಗುವುದು ಅಪರೂಪ.

ಯುನಿಸೆಫ್ ಸಂಸ್ಥೆ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ರಕ್ತದಲ್ಲಿ 5ಕ್ಕಿಂತ ಹೆಚ್ಚು ಸೀಸವಿರುವ ಭಾರತದ ಮಕ್ಕಳು ಸುಮಾರು 27.5 ಕೋಟಿ. ಅದು ಲೆಕ್ಕ ಹಾಕಿ ಕಟ್ಟಿದ ಅಂದಾಜು. ಅವರಲ್ಲಿ ಬಹುಪಾಲು ಮಕ್ಕಳ ಬೆರಳನ್ನು ಸೂಜಿಯಿಂದ ಚುಚ್ಚಿ ಒಂದು ತೊಟ್ಟು ರಕ್ತವನ್ನು ನೋಡಿದವರಿಲ್ಲ.