ಹಾಲಿಗೂ ಹೊತ್ತು ಬೇಕು



ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ನಾಟಿ ಮಾಡ್ತಿದ್ದ ನಮ್ಮವ್ವಗೆ "ಎದ್ಯಾಗ ಹಾಲಿಲ್ಲ" ಅಂತ ಕೇರಿ ತುಂಬ ಮಾತು. ಹಾಲಿತ್ತು. ತಮ್ಮನ ನಾಲಿಗೆ ಕೆಳಗಿನ ಪೊರೆ ಬಿಗಿಯಾಗಿ ನಾಲಿಗೆ ಕಟ್ಟಿಹಾಕಿತ್ತು ಅಂತ ಬಳ್ಳಾರಿಗೆ ಒಯ್ದಾಗ ಗೊತ್ತಾಯ್ತು. ಅಂಥ ಕೂಸು ಮೊಲೆಯನ್ನು ಬಾಯ್ತುಂಬ ಹಿಡಿಯಲಾರದು. ತಾಸುಗಟ್ಟಲೆ ಚೀಪಿದರೂ ಹೊಟ್ಟೆ ತುಂಬದು, ತಾಯಿಯ ತೊಟ್ಟು ಒಡೆದು ರಕ್ತ ಬರುತ್ತೆ. ಸರಿಯಾಗಿ ಹಿಡಿಸಿ, ಮೇಲಿಂದ ಮೇಲೆ ಕುಡಿಸಬೇಕು. ಅದಕ್ಕೂ ಆಗದಿದ್ರೆ ಡಾಕ್ಟರು ಪೊರೆ ಬಿಡಿಸ್ತಾರೆ. ಎಲ್ಲಕ್ಕೂ ಹೊತ್ತು ಬೇಕು. ಗದ್ದೆಯಲ್ಲಿ ಆ ಹೊತ್ತು ಕೊಟ್ಟವರಿಲ್ಲ.

ಈ ಹೊತ್ತಿಗೂ ಒಂದು ಚರಿತ್ರೆ ಇದೆ. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರ ಮಾತಾಡಿದರು. ದುಡಿಯುವ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ ಅಂದರು. 1929ರಲ್ಲಿ ಅದು ಕಾಯ್ದೆ ಆಯ್ತು. 1961ರ ಕೇಂದ್ರ ಕಾಯ್ದೆ, ಕೂಸಿಗೆ 15 ತಿಂಗಳಾಗುವ ತನಕ ದಿನಕ್ಕೆ 2 ಸಲ ಹಾಲೂಡಿಸುವ ಬಿಡುವು ಕೊಟ್ಟಿತು. ಆದರೆ ಯಾರಿಗೆ? ಫ್ಯಾಕ್ಟರಿ, ಗಣಿ, ಪ್ಲಾಂಟೇಶನ್, ದೊಡ್ಡ ಅಂಗಡಿಗಳ ಹೆಣ್ಮಕ್ಕಳಿಗೆ. ಸಿರುಗುಪ್ಪ, ಕುರುಗೋಡಿನ ಗದ್ದೆ ಕೂಲಿಯ ತಾಯಿ ಇವತ್ತಿಗೂ ಅದರ ಹೊರಗೆ.

ಇನ್ಮುಂದೆ "ಹಾಲಿಲ್ಲ" ಅನ್ನೋ ಮೊದಲು ಕೂಸಿನ ಬಾಯಿ ತೋರಿಸ್ರಿ. ಆಮೇಲೆ ತಾಯಿಗೆ ಹೊತ್ತು ಕೊಟ್ಟವರ್ಯಾರು ಅಂತ ಕೇಳ್ರಿ.